ತಿಹ್ವಾನಾದಲ್ಲಿ ಮನೆ ಹುಡುಕುವ ಮೊದಲು

ತಿಹ್ವಾನಾ ಅಮೆರಿಕದ ಗಡಿಗೆ ಅಂಟಿಕೊಂಡ ಮೆಕ್ಸಿಕೋದ ಊರು. ಕಂಪನಿ ಕೆಲಸಕ್ಕೆ ಇಲ್ಲಿಗೆ ಬರುವವರು ಮೊದಲು ಕಲಿಯಬೇಕಾದ ಪದ ‘ಕೊಲೋನಿಯಾ’. ನಮ್ಮ ಬಡಾವಣೆ ಇದ್ದ ಹಾಗೆ. ಬಂದ ದಿನ ನಾನು ಟ್ಯಾಕ್ಸಿಯವರಿಗೆ ಇದಾಲ್ಗೊ ಬೀದಿ ಅಂತ ಹೇಳಿ, ಮನೆ ನಂಬರ್ ಕೊಟ್ಟೆ. ಅವರು ಹಿಂದಿರುಗಿ ನೋಡಿ, ‘ಕೆ ಕೊಲೋನಿಯಾ?’ ಎಂದರು, ಯಾವ ಕೊಲೋನಿಯಾ ಅಂತ. ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಗಾಂಧಿ ರಸ್ತೆ ಊರೂರಿಗೆ ಇರುವಂತೆ, ಇಲ್ಲಿ ದೇಶದ ನಾಯಕರಾದ ಇದಾಲ್ಗೊ, ಹ್ವಾರೆಸ್ ಹೆಸರಿನ ಬೀದಿಗಳು ಒಂದೇ ಊರಲ್ಲಿ ಹಲವಾರು. ಎರಡು ಕಡೆ ಸುತ್ತಿ ಮೂರನೆಯ ಬೀದಿಯಲ್ಲಿ ಮನೆ ಸಿಕ್ಕಿತು.

ವಿಳಾಸ ಬರೆಯುವ ಕ್ರಮ ಹೀಗೆ: ಬೀದಿ, ನಂಬರ್, ಕೊಲೋನಿಯಾ, ಆಮೇಲೆ 22ರಿಂದ ಶುರುವಾಗುವ ಐದಂಕಿಯ ಪಿನ್ ಕೋಡ್. ಊರಂಚಿನಲ್ಲಿ ಎಷ್ಟೋ ಮನೆಗೆ ನಂಬರ್ ಬದಲು ‘ಮನ್ಸಾನಾ, ಲೋತೆ’ ಇರುತ್ತದೆ, ಅಂದರೆ ಬ್ಲಾಕ್ ಮತ್ತು ಸೈಟ್ ನಂಬರ್. ಯಾವ ಎರಡು ಬೀದಿಗಳ ನಡುವೆ ಅಂತಲೂ ಬರೆದರೆ ಪಾರ್ಸೆಲ್ ಹುಡುಗ ಫೋನ್ ಮಾಡುವುದು ತಪ್ಪುತ್ತದೆ.

‘ಫ್ರಾಕ್ಸಿಯೊನಾಮಿಯೆಂತೊ’ ಅಂದರೆ ಬಿಲ್ಡರ್ ಮಾಡಿದ ಲೇಔಟ್. ‘ಪ್ರಿವಾದಾ’ ಅಂದರೆ ಗೇಟು, ಕಾವಲುಗಾರ ಇರುವ ಒಳಬೀದಿ. ಎಷ್ಟೋ ಕೊಲೋನಿಯಾಗಳು ಜನರೇ ಬಂದು ಕಟ್ಟಿಕೊಂಡವು. ಹಕ್ಕುಪತ್ರ, ನೀರು, ಡಾಂಬರು ಆಮೇಲೆ ಬಂದವು. ಇಳಿಜಾರಿನ ಕೊಲೋನಿಯಾ ಒಂದಕ್ಕೆ ಹೋಗಿ ನೋಡಿ. ಹಳೇ ಟೈರುಗಳಿಗೆ ಮಣ್ಣು ತುಂಬಿ, ಒಂದರ ಮೇಲೊಂದು ಜೋಡಿಸಿ ಗುಡ್ಡದ ಮಣ್ಣು ಜಾರದಂತೆ ಗೋಡೆ ಕಟ್ಟಿದ್ದಾರೆ. ಅದೇ ಟೈರುಗಳೇ ಮೆಟ್ಟಿಲು ಕೂಡ. ಆ ಶ್ರಮ ನೋಡಿದರೆ ನನಗೆ ಗೌರವ ಬರುತ್ತದೆ. ಆದರೆ ಜೋರು ಮಳೆ ಬಂದರೆ ಅಲ್ಲಿ ಮಣ್ಣು ಕುಸಿಯುವ ಭಯ ಇದ್ದೇ ಇದೆ, ಬಾಡಿಗೆಗೆ ಹಿಡಿಯುವ ಮುಂಚೆ ಅದನ್ನೂ ಯೋಚಿಸಿ.

ಕೊಲೋನಿಯಾಗಳ ಮೇಲೆ ‘ದೆಲೆಗಾಸಿಯೋನ್’ ಇದೆ, ನಮ್ಮ ಪಾಲಿಕೆಯ ವಲಯದಂತೆ. ಬೀದಿದೀಪದ ದೂರು, ಸಣ್ಣಪುಟ್ಟ ಅನುಮತಿಗೆ ಅಲ್ಲಿಗೆ ಹೋಗಬೇಕು. ದಿನದ ಮಾತಲ್ಲಿ ಆ ಹೆಸರು ಅಷ್ಟಾಗಿ ಬರುವುದಿಲ್ಲ.

ಇನ್ನು ಊರಿನ ಬೇರೆ ಬೇರೆ ಭಾಗಗಳು. ನದಿ ಪಕ್ಕದ ಸೋನಾ ರಿಯೋ ಊರಿನ ಹೊಸ ಮುಖ. ನದಿಪಾತ್ರದಲ್ಲಿ ಮೊದಲು ರಟ್ಟಿನ ಗುಡಿಸಲುಗಳಿದ್ದವು, ಅದನ್ನು ‘ಕಾರ್ತೋಲಾಂದಿಯಾ’ ಅನ್ನುತ್ತಿದ್ದರು. 1970ರ ದಶಕದಲ್ಲಿ ಅಲ್ಲಿದ್ದವರನ್ನು ಎಬ್ಬಿಸಿ, ನದಿಗೆ ಕಾಂಕ್ರೀಟ್ ಕಾಲುವೆ ಮಾಡಿದರು. 1982ರಲ್ಲಿ ಗೋಳದ ಆಕಾರದ ಸಾಂಸ್ಕೃತಿಕ ಕೇಂದ್ರ ಬಂತು, ಜನ ಅದನ್ನು ‘ಲಾ ಬೋಲಾ’, ಚೆಂಡು, ಅನ್ನುತ್ತಾರೆ. ಇಲ್ಲಿ ದಾರಿ ಹೇಳುವುದು ಸರ್ಕಲ್ಲುಗಳ ಹೆಸರಲ್ಲೇ: ಕ್ವಾವ್ತೆಮೋಕ್ ಸರ್ಕಲ್, ಲಿಂಕನ್ ಪ್ರತಿಮೆ ಹೀಗೆ. ಆಸ್ಪತ್ರೆ, ಬ್ಯಾಂಕ್ ಹತ್ತಿರ, ಬಾಡಿಗೆ ಜಾಸ್ತಿ.

ಪ್ಲಾಯಾಸ್ ಸಮುದ್ರದ ಕಡೆ. ಗಡಿಬೇಲಿ ನೀರಿನೊಳಕ್ಕೆ ಇಳಿಯುವುದು ಅಲ್ಲೇ. ಗಾಳಿ ತಂಪು, ಮನೆಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಒತಾಯ್ ದಿಬ್ಬದ ಮೇಲೆ ವಿಮಾನ ನಿಲ್ದಾಣ, ವಿಶ್ವವಿದ್ಯಾಲಯ, ‘ಮಾಕಿಲಾ’ ಅನ್ನುವ ಕಾರ್ಖಾನೆಗಳು ಇವೆ. ವಿಮಾನ ನಿಲ್ದಾಣದಿಂದ ಅಮೆರಿಕದ ಕಡೆಗೆ ನೇರ ಸೇತುವೆ 2015ರಿಂದ ಇದೆ. ಕಾರ್ಖಾನೆ ಕೆಲಸವಾದರೆ ನಾನು ಒತಾಯ್‌ನಲ್ಲೇ ಮನೆ ನೋಡಿ ಅನ್ನುತ್ತೇನೆ. ಪೂರ್ವದ ಲಾ ಪ್ರೆಸಾ ಕಡೆ ಬಾಡಿಗೆ ಕಡಿಮೆ, ಹೊಸ ಲೇಔಟುಗಳು ಬೇಕಾದಷ್ಟು. ಆದರೆ ಬೆಳಗಿನ ಟ್ರಾಫಿಕ್ಕು, ಅಲ್ಲಲ್ಲಿ ಖಾಲಿ ಬಿದ್ದ ಮನೆಗಳು ಮನಸ್ಸು ಕುಗ್ಗಿಸುತ್ತವೆ. ಗಡಿಗೆ ಅಂಟಿಕೊಂಡ ಸೋನಾ ನೋರ್ತೆಯಲ್ಲಿ ರಾತ್ರಿ ಓಡಾಡಬೇಡಿ. ಮಕ್ಕಳಿರುವವರು ಆ ಕಡೆ ಮನೆ ನೋಡಲೇ ಬೇಡಿ.

ಮನೆ ಇಷ್ಟವಾಯಿತು ಅಂದ್ರೆ ಮಾಲೀಕರು ‘ಫಿಯಾದೋರ್’ ಕೇಳಬಹುದು. ಸ್ವಂತ ಆಸ್ತಿ ಇರುವ ಜಾಮೀನುದಾರ ಅಂತ. ಹೊಸಬರಿಗೆ ಯಾರು ಸಿಗುತ್ತಾರೆ ಅಲ್ವಾ? ಕಂಪನಿಯೇ ಸಹಿ ಹಾಕುತ್ತದಾ ಅಂತ ಮುಂಚೆಯೇ ಕೇಳಿಕೊಳ್ಳಿ. ಕೀಲಿಕೈ ತೆಗೆದುಕೊಳ್ಳುವಾಗ ಆ ಮನೆಯ ಇತ್ತೀಚಿನ ಕರೆಂಟ್ ಬಿಲ್ಲಿನ ಪ್ರತಿಯನ್ನೂ ಕೇಳಿ ಪಡೆಯಿರಿ. ಬ್ಯಾಂಕಿನಲ್ಲಿ, ಮಗುವಿನ ಶಾಲೆಯಲ್ಲಿ ವಿಳಾಸಕ್ಕೆ ಪುರಾವೆ ಅಂತ ಕೇಳುವುದು ಅದನ್ನೇ.