ಮಳೆಯಿಂದ ಹಿಂದಕ್ಕೆ ಎಣಿಸುವ ಕೋಳಿ ಲೆಕ್ಕ

ನಾನು ಹುಣಸೂರು ಕಡೆಯವಳು. ನಮ್ಮೂರಲ್ಲಿ ಕೋಳಿ ಯಾವಾಗ ಕಾವಿಗೆ ಕೂತರೂ ಸರಿ, ಕುಕ್ಕೆಗೆ ಒಂದಿಷ್ಟು ಹುಲ್ಲು ಹಾಕಿ ಕೂರಿಸಿಬಿಡುತ್ತಿದ್ದೆವು. ಮದುವೆಯಾಗಿ ಕೊಡಗಿನ ಸೋಮವಾರಪೇಟೆ ಹತ್ತಿರದ ಈ ಕಾಫಿ ತೋಟಕ್ಕೆ ಬಂದ ಮೊದಲ ವರ್ಷ ಅದೇ ಅಭ್ಯಾಸದಲ್ಲಿ ಮೇ ಕೊನೆಗೆ ಹನ್ನೊಂದು ಮರಿ ಮಾಡಿಸಿದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಇಲ್ಲಿಯದು ಬಂದು ಹೋಗುವ ಮಳೆ ಅಲ್ಲ, ಬಂದು ಕೂರುವ ಮಳೆ. ಮರಿಗಳು ಹೊರಗೆ ಬಂದರೆ ಒದ್ದೆ, ತಾಯಿಯ ರೆಕ್ಕೆ ಕೆಳಗೆ ಹೋದರೆ ತಾಯಿಯೇ ಒದ್ದೆ. ಜುಲೈ ಹೊತ್ತಿಗೆ ಉಳಿದಿದ್ದು ಎರಡೇ.

ಅತ್ತೆ ಬೈಯಲಿಲ್ಲ. "ಇಲ್ಲಿ ಕೋಳಿ ಲೆಕ್ಕ ಮಳೆಯಿಂದ ಹಿಂದಕ್ಕೆ ಎಣಿಸಬೇಕು ಕಣಮ್ಮ" ಅಂದರು, ಅಷ್ಟೇ.

ಆ ಲೆಕ್ಕ ಹೀಗೆ. ಜೂನ್ ಮೊದಲ ವಾರ ಮಳೆ. ಅಷ್ಟರಲ್ಲಿ ಮರಿಗೆ ಎರಡೂವರೆ, ಮೂರು ತಿಂಗಳಾಗಿರಬೇಕು, ಮೈತುಂಬ ಗರಿ ಬಂದಿರಬೇಕು. ಹಾಗಾದರೆ ಮಾರ್ಚ್ ಮಧ್ಯದೊಳಗೆ ಮೊಟ್ಟೆ ಒಡೆಯಬೇಕು. ಕಾವು 21 ದಿನ. ಅಂದರೆ ಶಿವರಾತ್ರಿ ಆಸುಪಾಸಿನಲ್ಲಿ ಕೋಳಿ ಕೂತಿರಬೇಕು. ಆಗ ಅರೇಬಿಕಾ ಕುಯ್ಲು ಮುಗಿದು ನಮ್ಮ ಕೈಯೂ ಸ್ವಲ್ಪ ಬಿಡುವಾಗಿರುತ್ತದೆ. ಕಣದಲ್ಲಿ ಕಾಳುಮೆಣಸು ಒಣಗಲು ಹಾಕಿದಾಗ ಮಾತ್ರ ಕೋಳಿಗಳಿಗೂ ನನಗೂ ದಿನಾ ಜಗಳ. ತಿನ್ನುವುದಕ್ಕಿಂತ ಕೆದರುವುದೇ ಜಾಸ್ತಿ.

ಆಮೇಲೆ ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ಮೊಟ್ಟೆ ಕೂಡಿಡಲು ಶುರು ಮಾಡುತ್ತೇನೆ. ಕಾವಿಗೆ ಇಡುವ ಮೊಟ್ಟೆ ತೊಳೆಯುವುದಿಲ್ಲ, ಫ್ರಿಜ್‌ಗೂ ಸೇರಿಸುವುದಿಲ್ಲ. ಅಡುಗೆಮನೆಯ ತಂಪು ಮೂಲೆಯಲ್ಲಿ, ರಾಗಿ ತುಂಬಿದ ಡಬ್ಬದಲ್ಲಿ ಚೂಪು ತುದಿ ಕೆಳಗೆ ಬರುವಂತೆ ನಿಲ್ಲಿಸುತ್ತೇನೆ. ಒಂದು ವಾರ ದಾಟಿದ ಮೊಟ್ಟೆ ಆಮ್ಲೆಟ್ಟಿಗೆ. ನಾಟಿ ಹ್ಯಾಟೆಯ ಹೊಟ್ಟೆ ಕೆಳಗೆ ಹತ್ತು ಹನ್ನೊಂದಕ್ಕಿಂತ ಜಾಸ್ತಿ ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಅತ್ತೆಗೆ ಬೆಸ ಸಂಖ್ಯೆಯೇ ಆಗಬೇಕು, ಹಾಗಾಗಿ ಹನ್ನೊಂದು.

ಕೂರುವ ಕೋಳಿ ಹೇಳಿಯೇ ಕೂರುತ್ತದೆ. ಗೂಡು ಬಿಟ್ಟು ಏಳುವುದಿಲ್ಲ, ಮೈಯೆಲ್ಲ ಉಬ್ಬಿಸಿ ಕುರ್ ಕುರ್ ಅನ್ನುತ್ತದೆ, ಕೈ ಹತ್ತಿರ ತಂದರೆ ಕುಕ್ಕುತ್ತದೆ. ನಾನು ಕೂರಿಸುವ ಮೊದಲು ಅದರ ರೆಕ್ಕೆ ಬುಡಕ್ಕೆ ಜರಡಿ ಹಿಡಿದ ಒಲೆ ಬೂದಿ ತಿಕ್ಕುತ್ತೇನೆ. ಮೈಯಲ್ಲಿ ಹೇನಿದ್ದರೆ ಅದು 21 ದಿನ ಕೂರುವುದಿಲ್ಲ, ಅರ್ಧಕ್ಕೆ ಎದ್ದುಹೋಗುತ್ತದೆ.

ಈ ವರ್ಷ ಕೂತದ್ದು ಕೆಂಪು ಹ್ಯಾಟೆ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ. ಎಂಟನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಮುಷ್ಟಿಯ ಸಂದಿಯಲ್ಲಿ ಮೊಟ್ಟೆ ಇಟ್ಟು ಕೆಳಗಿಂದ ಬೆಳಕು ಬಿಟ್ಟರೆ, ಜೀವ ಇರುವ ಮೊಟ್ಟೆಯಲ್ಲಿ ಕೆಂಪು ನರಗಳು ಜೇಡನ ಕಾಲಿನ ಹಾಗೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕಿ. ಬೊಡ್ಡು ಮೊಟ್ಟೆ ಬರೀ ಹಳದಿ ಬಲ್ಬು. ಹನ್ನೊಂದರಲ್ಲಿ ಎರಡು ಬೊಡ್ಡು, ತೆಗೆದು ಹಾಕಿದೆ.

ಹತ್ತನೇ ದಿನ ಕಾಫಿ ಹೂ ಅರಳಿಸುವ ಹೂಮಳೆ ಬಂತು, ಗುಡುಗು ಸಿಡಿಲಿನ ಜೊತೆ. ತೋಟದವರಿಗೆಲ್ಲ ಖುಷಿ, ನನಗೆ ಹೆದರಿಕೆ. ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತದೆ ಅಂತ ಅತ್ತೆ ಗೂಡಿನ ಹುಲ್ಲಿನಡಿ ಮುರಿದ ಕುಡುಗೋಲಿನ ತುಂಡು ಇಡುತ್ತಾರೆ. ನಾನು ಅದನ್ನು ನಂಬುವುದೂ ಇಲ್ಲ, ತೆಗೆಯುವುದೂ ಇಲ್ಲ. ನಿಜವಾದ ತೊಂದರೆ ಮೇಲಿಂದ ಬಂತು. ಒಡೆದ ಹೆಂಚಿನ ಸಂದಿಯಿಂದ ಸರಿಯಾಗಿ ಗೂಡಿನ ಅಂಚಿಗೇ ನೀರು ತೊಟ್ಟಿಕ್ಕುತ್ತಿತ್ತು. ಕೋಳಿ ಮಾತ್ರ ಕದಲಿರಲಿಲ್ಲ, ಬೆನ್ನು ನೆನೆಸಿಕೊಂಡೇ ಕೂತಿತ್ತು. ಹಗಲು ಜಾಗ ಬದಲಿಸಿದರೆ ಹಳೇ ಜಾಗಕ್ಕೇ ಓಡುತ್ತದೆ. ಕತ್ತಲಾದ ಮೇಲೆ ಕುಕ್ಕೆ ಸಮೇತ ಎತ್ತಿ ಅಡುಗೆಮನೆ ಹಿಂದಿನ ಜಗಲಿಗೆ ತಂದಿಟ್ಟು ಗೋಣಿ ಇಳಿಬಿಟ್ಟೆ. ಬೆಳಗ್ಗೆ ನೋಡಿದರೆ ಏನೂ ಆಗದ ಹಾಗೆ ಕೂತಿತ್ತು. ಮತ್ತೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿತು. ಮರಿಗಳು ಒಡೆದದ್ದೂ ಅದೇ ಹೊತ್ತಿಗೆ. ಜಗಲಿ ತುಂಬ ಕಾಫಿ ಹೂವಿನ ವಾಸನೆ, ಅದರೊಳಗೆ ಒಂದಿಷ್ಟು ಕೋಳಿ ಹಿಕ್ಕೆಯದು.

ಒಡೆಯುವ ದಿನ ಕೈ ಕಟ್ಟಿ ಕೂರುವುದೇ ಕಷ್ಟದ ಕೆಲಸ. ಒಂದು ವರ್ಷ ತಡೆಯಲಾರದೆ, ತೂತು ಬಿದ್ದು ನಿಂತಿದ್ದ ಮೊಟ್ಟೆಯ ಸಿಪ್ಪೆ ಉಗುರಿನಿಂದ ಬಿಡಿಸಿದ್ದೆ. ಒಳಪೊರೆಯಿಂದ ರಕ್ತ ಜಿನುಗಿತು, ಮರಿ ಉಳಿಯಲಿಲ್ಲ. ತೂತು ಮಾಡಿದ ಮೇಲೆ ಮರಿ ಗಂಟೆಗಟ್ಟಲೆ ಸುಮ್ನೆ ಇರುವುದು ಸುಸ್ತಾಗಿ ಅಲ್ಲ. ಪೊರೆಯ ರಕ್ತವನ್ನೂ ಹೊಟ್ಟೆಯ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಆ ಹಳದಿ ಇರುವುದರಿಂದಲೇ ಹುಟ್ಟಿದ ದಿನ ತಿನ್ನಿಸುವ ಅವಸರ ಬೇಕಿಲ್ಲ. ಈ ಸಲ ಒಂಬತ್ತರಲ್ಲಿ ಎಂಟು ಮರಿ.

ಮೇವಿಗೆ ಅಕ್ಕಿ ನುಚ್ಚು ಒಂದೇ ಸಾಲದು. ಮೊದಲ ತಿಂಗಳು ಅಂಗಡಿಯ ಸ್ಟಾರ್ಟರ್ ಫೀಡ್ ಬೆರೆಸುತ್ತೇನೆ. ಅದಕ್ಕಿಂತ ರುಚಿಯದು ಗೆದ್ದಲು. ಹಳೇ ಮಡಕೆಗೆ ಒಣ ಸಗಣಿ, ಹುಲ್ಲು, ಹರಿದ ಗೋಣಿ ತುಂಬಿ, ನೀರು ಚಿಮುಕಿಸಿ, ಸಂಜೆ ಗೆದ್ದಲು ಇರುವ ಜಾಗದಲ್ಲಿ ಬೋರಲು ಹಾಕುತ್ತೇನೆ. ಬೆಳಗ್ಗೆ ಮರಿಗಳ ಮುಂದೆ ಕೊಡವಿದರೆ ತಾಯಿ ಒಂದನ್ನು ಎತ್ತಿ, ಮತ್ತೆ ಕೆಳಗೆ ಹಾಕಿ, ಕುಕ್ ಕುಕ್ ಅಂತ ತೋರಿಸಿಕೊಡುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲ ಖಾಲಿ. ನೀರಿನ ತಟ್ಟೆಗೆ ಮಾತ್ರ ನಾಲ್ಕು ಕಲ್ಲು ಹಾಕಿಡಿ. ಒಂದು ಮರಿ ಮುಳುಗಿ ಸತ್ತ ಮೇಲೆ ನನಗೆ ಬಂದ ಬುದ್ಧಿ ಇದು.

ಏಳನೇ ದಿನ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೆ ಒಂದು ಹನಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಆ ರೋಗ ಬಂದರೆ ಕೇರಿಯ ಕೋಳಿಯೆಲ್ಲ ಒಂದೇ ವಾರದಲ್ಲಿ ಹೋಗುತ್ತವೆ, ಮದ್ದಿಲ್ಲ. ತೊಂದರೆ ಏನೆಂದರೆ ಒಂದು ಸೀಸೆ ನೂರು ಕೋಳಿಗಾಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನನ್ನ ಎಂಟು ಮರಿಗೆ ಸೀಸೆ ಒಡೆಯುವುದು ಹೇಗೆ? ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೋಳಿ ಕೂರಿಸುತ್ತೇವೆ. ಲಸಿಕೆ ದಿನ ಫ್ಲಾಸ್ಕಿನಲ್ಲಿ ಐಸ್ ಇಟ್ಟು ತಂದು, ಮನೆ ಮನೆ ಸುತ್ತುತ್ತೇವೆ. ಮರಿಗೆ ಎರಡು ತಿಂಗಳಾದಾಗ ಇನ್ನೊಂದು, ಅದು ಚುಚ್ಚುವುದು. ಅದಕ್ಕೆ ಪಶುವೈದ್ಯರನ್ನು ಕೇಳುತ್ತೇವೆ.

ಗಿಡುಗನ ಭಯ ನಮ್ಮಲ್ಲಿ ಅಷ್ಟಿಲ್ಲ. ತಾಯಿ ಕಿರುಚಿದ ಕೂಡಲೇ ಮರಿಗಳು ಕಾಫಿ ಗಿಡದ ಬುಡಕ್ಕೆ ನುಗ್ಗುತ್ತವೆ, ಹೊರಗಿಂದ ಒಂದು ಗರಿಯೂ ಕಾಣುವುದಿಲ್ಲ. ಮುಂಗುಸಿಗೆ ಮಾತ್ರ ಗಿಡದ ಬುಡವೇ ದಾರಿ. ಈ ಸಲವೂ ಒಂದು ಮರಿ ಅದರ ಪಾಲಾಯಿತು. ತೋಟಕ್ಕೆ ಔಷಧಿ ಹೊಡೆಯುವ ದಿನ, ಮರುದಿನ ಕೋಳಿಗಳನ್ನು ಹೊರಗೆ ಬಿಡುವುದಿಲ್ಲ. ಗೂಡಿಗೆ ಮಿಲ್ಲಿನಿಂದ ತಂದ ಭತ್ತದ ಹೊಟ್ಟು ಹಾಸುತ್ತೇನೆ. ಮಳೆ ಬಂದ ಮರುದಿನ ಕೆದಕಿ ಮುಟ್ಟಿ ನೋಡುತ್ತೇನೆ, ಒದ್ದೆಯಾಗಿದ್ದರೆ ಬದಲಿಸುತ್ತೇನೆ. ಬಿಟ್ಟರೆ ರಕ್ತಭೇದಿ ಶುರುವಾಗುತ್ತದೆ.

ಈಗ ಮೇ ಎರಡನೇ ವಾರ. ಏಳು ಮರಿಗಳಲ್ಲಿ ನಾಲ್ಕಕ್ಕೆ ಜುಟ್ಟು ಕೆಂಪಾಗುತ್ತಿದೆ, ಹುಂಜಗಳು. ಪಕ್ಕದ ತೋಟದ ಅಕ್ಕ ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬಕ್ಕೆ ಎರಡನ್ನು ಈಗಲೇ ಹೇಳಿಟ್ಟಿದ್ದಾರೆ. ಮೊನ್ನೆಯಿಂದ ಕೆಂಪು ಹ್ಯಾಟೆ ಮರಿಗಳನ್ನು ಹತ್ತಿರ ಸೇರಿಸುತ್ತಿಲ್ಲ, ಕುಕ್ಕಿ ಓಡಿಸುತ್ತಿದೆ. ಇವತ್ತು ಬೆಳಗ್ಗೆ ಸೌದೆ ಕೊಟ್ಟಿಗೆಯ ಹಳೇ ಮೂಲೆಯಲ್ಲೇ ಮೊಟ್ಟೆ ಇಟ್ಟಿತ್ತು. "ಇನ್ನು ಕಾವಿಗೆ ಕೂತರೂ ಕೂರಿಸಬೇಡ" ಅಂದರು ಅತ್ತೆ. ಆ ಹೆಂಚು ಇನ್ನೂ ಬದಲಿಸಿಲ್ಲ.