ನಾಲ್ಕು ರೆಗ್ಯುಲೇಟರಿಗೆ ನಾಲ್ಕು ವೆಂಟ್ ಪೈಪು: ನನ್ನ ಅನುಭವ

"ಒಂದೇ ಪೈಪಿಗೆ ಸೇರಿಸಿದ್ರೆ ಆಯ್ತಲ್ಲ, ನಾಲ್ಕು ಯಾಕೆ?" ಜೊತೆಗಾರರೆಲ್ಲ ಹೀಗೇ ಕೇಳಿದ್ದರು. ರೆಗ್ಯುಲೇಟರ್ ಅಂದ್ರೆ ಗ್ಯಾಸಿನ ಒತ್ತಡ ತಗ್ಗಿಸಿ ಹದದಲ್ಲಿಡುವ ಸಾಧನ, ವೆಂಟ್ ಅಂದ್ರೆ ಅದು ಉಸಿರಾಡುವ ತೂತು. ಈಗ ಎರಡು ಮಳೆಗಾಲ ಕಳೆದಿದೆ, ನಾಲ್ಕೂ ರೆಗ್ಯುಲೇಟರ್ ಚೆನ್ನಾಗಿ ಉಸಿರಾಡುತ್ತಿವೆ.

ಜಾಗವೇ ತೊಂದರೆಯದ್ದು. ಗೋಡೆಯಲ್ಲಿ ಸಾಲಾಗಿ ನಾಲ್ಕು ಗ್ಯಾಸ್ ಮೀಟರ್, ಒಂದೊಂದಕ್ಕೂ ಒಂದು ರೆಗ್ಯುಲೇಟರ್, ಸರಿಯಾಗಿ ಮೇಲೆ ಕಿಟಕಿ. ಪೈಪಿನಲ್ಲಿ ಬರುವ ಈ ನೈಸರ್ಗಿಕ ಗ್ಯಾಸ್ ಗಾಳಿಗಿಂತ ಹಗುರ. ಒತ್ತಡ ಮಿತಿಮೀರಿದಾಗ ಗ್ಯಾಸನ್ನು ವೆಂಟಿನಿಂದ ಹೊರಬಿಡುವ ರಿಲೀಫ್ ವಾಲ್ವ್ ತೆರೆದರೆ ಅದು ಸೀದಾ ಮನೆಯೊಳಗೆ. ಮೀಟರ್ ಕದಲಿಸುವಂತಿರಲಿಲ್ಲ. ಗ್ಯಾಸ್ ಕೊಡುವವರ ಒಪ್ಪಿಗೆ ಪಡೆದು ಪೈಪು ಹಾಕಿ ವೆಂಟನ್ನೇ ದೂರ ಒಯ್ದೆ.

ಮೊದಲ ಸಲ ನಾನೂ ದುಡ್ಡು ಉಳಿಸಲು ನಾಲ್ಕನ್ನೂ ಒಂದೇ ಪೈಪಿಗೆ ಸೇರಿಸಿದ್ದೆ. ಅದೃಷ್ಟಕ್ಕೆ ಗೋಡೆಗೆ ಏರಿಸುವ ಮುಂಚೆ ಬೆಂಚಿನ ಮೇಲೆ ಗಾಳಿ ಕೊಟ್ಟು ನೋಡಿದೆ. ಒಂದರ ರಿಲೀಫ್ ತೆರೆದದ್ದೇ ತಡ, ಪಕ್ಕದ್ದರ ಮ್ಯಾನೋಮೀಟರಿನಲ್ಲೂ (ನೀರಿನ ಏರಿಳಿತದಿಂದ ಒತ್ತಡ ಅಳೆಯುವ ಕೊಳವೆ) ನೀರು ಎರಡು ಬೆರಳಿನಷ್ಟು ಏರಿತು. ಒಂದರ ಒತ್ತಡ ಉಳಿದವುಗಳ ಡಯಾಫ್ರಾಮನ್ನು, ಅಂದ್ರೆ ಒಳಗಿನ ಬಾಗುವ ಪೊರೆಯನ್ನು, ಒತ್ತುತ್ತಿತ್ತು. ನಂಬದವರಿಗೆ ಆಮೇಲೆ ವೆಂಟಿಗೆ ಟ್ಯೂಬ್ ಹಾಕಿ ಬಾಯಿಂದ ಊದಿ ತೋರಿಸಿದೆ. ಊದಿದಷ್ಟೂ ನೀರು ಏರುವುದನ್ನು ಕಂಡು ಸುಮ್ಮನಾದರು.

ಎರಡನೇ ಸಲ ಬೇರೆ ಬೇರೆ ಪೈಪು, ಆದರೆ ಸಣ್ಣದು. ಸುಮಾರು ಆರು ಮೀಟರ್ ಉದ್ದ, ನಾಲ್ಕೈದು ಎಲ್ಬೋ (ಪೈಪು ತಿರುಗಿಸುವ ಜೋಡಣೆ). ರೆಗ್ಯುಲೇಟರ್ ಮಂಕಾಯಿತು. ಗೀಸರ್ ಹೊತ್ತಿದ ಕೂಡಲೇ ಒತ್ತಡ ಕುಸಿದು, ಆಮೇಲೆ ನಿಧಾನಕ್ಕೆ ಮೇಲೇರುತ್ತಿತ್ತು. ಆ ಪೈಪೆಲ್ಲ ಕಿತ್ತೆ. ಹೆಚ್ಚುಕಮ್ಮಿ ಅರ್ಧ ಕೂಲಿ ನನ್ನ ಕೈಯಿಂದಲೇ ಹೋಯಿತು.

ಮೂರನೇ ಸಲ ಪ್ರತಿ ವೆಂಟಿಗೂ ಅದರದೇ ಪೈಪು, ವೆಂಟಿನ ಬಾಯಿಗಿಂತ ಒಂದು ಸೈಜ್ ದೊಡ್ಡದು, ಎಲ್ಬೋ ಎರಡೇ. ಕಿಟಕಿ, ಬಾಗಿಲು, ಕಿಡಿ ಹಾರುವ ಯಾವುದೇ ಸ್ವಿಚ್ಚಿನಿಂದ ಕಡಿಮೆಯೆಂದರೂ ಮೂರು ಅಡಿ ಅನ್ನುವುದು ವಾಡಿಕೆ. ನಾನು ಅದಕ್ಕಿಂತ ಜಾಸ್ತಿಯೇ ಬಿಟ್ಟೆ. ಪೈಪಿನ ಬಾಯಿ ನೆಲದ ಕಡೆಗೇ ಇರಬೇಕು. ಅಡ್ಡ ಇಟ್ಟು ನೋಡಿದ್ದೆ, ಒಂದೇ ಮಳೆಗೆ ಒಳಗೆ ಒಂದು ಲೋಟ ನೀರು.

ಇನ್ನು ಹುಳದ ಕಾಟ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ತೂತು ಅಂದ್ರೆ ಪ್ರಾಣ. ತೀರಾ ಸಣ್ಣ ಕಣ್ಣಿನ ಜಾಲರಿ ಹಾಕಿದೆ, ಧೂಳು ಕಟ್ಟಿತು. ದೊಡ್ಡ ಕಣ್ಣಿನದು ಹಾಕಿದೆ, ಹುಳ ನುಗ್ಗಿತು. ಮೂರನೆಯದು ನಿಂತಿತು. ಅದರ ಅಳತೆ, ಕೂರಿಸುವ ರೀತಿ ನನ್ನ ಹತ್ತಿರವೇ ಇರಲಿ, ಅದಕ್ಕೆ ನನ್ನ ಒಂದಿಡೀ ಬೇಸಿಗೆ ಹೋಗಿದೆ.

ಮೊನ್ನೆ ಗೋಡೆಗೆ ಬಣ್ಣ ಹೊಡೆಯುವವರು ಒಂದು ಜಾಲರಿಯ ಮೇಲೂ ಬ್ರಷ್ ಎಳೆದಿದ್ದರು. ಅರ್ಧ ಕಣ್ಣು ಮುಚ್ಚಿಹೋಗಿತ್ತು. ಆ ದಿನವೇ ಬದಲಿಸಿದೆ. ಈಗ ಬಣ್ಣದ ಕೆಲಸ ಅಂದ್ರೆ ನಾನೇ ಹೋಗಿ ನಿಲ್ಲುತ್ತೇನೆ.