ಕಾರು ತಿಂದ ಕರೆಂಟಿಗೆ ಬೇರೆ ಲೆಕ್ಕ

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಕರೆಂಟ್ ಬಿಲ್ ಎಷ್ಟು ಜಾಸ್ತಿ ಆಯ್ತು?" ಉತ್ತರ ಸಾಮಾನ್ಯವಾಗಿ ಅಂದಾಜಿನದೇ. ಹೋದ ತಿಂಗಳಿಗಿಂತ ಹೆಚ್ಚಿಗೆ ಬಂದದ್ದನ್ನೆಲ್ಲ ಕಾರಿನ ತಲೆಗೆ ಕಟ್ಟುತ್ತಾರೆ. ಅದರಲ್ಲಿ ಬೇಸಿಗೆಯ ಫ್ಯಾನು, ಮೋಡ ಕವಿದ ದಿನ ಹಾಕಿದ ಗೀಸರು, ರಜೆಗೆ ಬಂದ ನೆಂಟರು ಎಲ್ಲ ಸೇರಿರುತ್ತವೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಸಂಜೆ ಲೆಕ್ಕ ತಾಳೆಯಾಗದೆ ಎದ್ದು ಬರುವಂತಿಲ್ಲ. ಆ ಚಾಳಿ ಮನೆಯಲ್ಲೂ ಬಿಟ್ಟಿಲ್ಲ. ತುಮಕೂರಿನಿಂದ ಗುಬ್ಬಿಗೆ ಹೋಗಿಬರುವ ನನ್ನ ಟಿಯಾಗೊ ಇವಿ (24 ಕಿಲೋವಾಟ್-ಅವರ್, ಅಂದರೆ 24 ಯೂನಿಟ್ ಹಿಡಿಯುವ ಬ್ಯಾಟರಿಯದು) ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಅಳೆಯುವ ನನ್ನ ಕ್ರಮ ಇಲ್ಲಿದೆ.

ಕಾರಿನ ಪರದೆಯ ಅಂಕಿಯನ್ನು, ಮೊಬೈಲ್ ಆ್ಯಪಿನ ಅಂಕಿಯನ್ನು ಬಿಲ್ಲಿನ ಲೆಕ್ಕಕ್ಕೆ ಹಿಡಿಯಬೇಡಿ. ಅವು ಹೇಳುವುದು ಬ್ಯಾಟರಿಯ ಕಥೆ. ಬೆಸ್ಕಾಂ ಮೀಟರು ಎಣಿಸುವುದು ಗೋಡೆಯಿಂದ ಹೊರಟ ಕರೆಂಟನ್ನು. ಗೋಡೆಯಿಂದ ಬರುವುದು ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್), ಬ್ಯಾಟರಿಗೆ ಬೇಕಾದದ್ದು ಡಿಸಿ (ಒಂದೇ ದಿಕ್ಕಿನದು). ಕಾರಿನೊಳಗಿನ ಚಾರ್ಜರ್ ಅದನ್ನು ಬದಲಿಸುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಚಾರ್ಜ್ ಆಗುವಷ್ಟು ಹೊತ್ತು ಕಾರಿನ ಕಂಪ್ಯೂಟರು, ಪಂಪು ಎಚ್ಚರವಾಗಿರಬೇಕು, ಅದಕ್ಕೂ ಖರ್ಚು. ಶೇಕಡಾ 40ರಿಂದ 90ಕ್ಕೆ ಏರಿಸಿದರೆ ಬ್ಯಾಟರಿಗೆ ಸೇರಿದ್ದು ಸುಮಾರು 12 ಯೂನಿಟ್. ಗೋಡೆಯ ಕಡೆ ನೋಡಿದರೆ ನನ್ನಲ್ಲಿ 13.6ರ ಹತ್ತಿರ ಬರುತ್ತದೆ. ಆ ಒಂದೂವರೆ ಯೂನಿಟ್‌ಗೂ ದುಡ್ಡು ಕೊಡುವವರು ನಾವೇ.

ಹಾಗಾಗಿ ಬೇಕಾದದ್ದು ಕಾರಿನ ಸಾಕೆಟ್ಟಿಗೆ ಮಾತ್ರ ಒಂದು ಸಬ್ ಮೀಟರ್. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಪೆಟ್ಟಿಗೆಯೊಳಗೇ ಕೂರುವ ಸಿಂಗಲ್ ಫೇಸ್ ಮೀಟರ್‌ಗಳು ಸಿಗುತ್ತವೆ. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ. ಮೀಟರಿನ ಮುಖದ ಮೇಲೆ ಎರಡು ಸಂಗತಿ ನೋಡಬೇಕು: ಕ್ಲಾಸ್ 1 ಎಂದಿರಬೇಕು, ಅಂದರೆ ತಪ್ಪು ಶೇಕಡಾ ಒಂದರ ಆಸುಪಾಸು, ಮತ್ತು ಅದು ತಾಳುವ ಆಂಪಿಯರ್ ಚಾರ್ಜರ್‌ಗಿಂತ ಸಾಕಷ್ಟು ಹೆಚ್ಚಿರಬೇಕು. ಮುಂದೆಂದಾದರೂ 7.2 ಕಿಲೋವಾಟ್ ವಾಲ್ ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಹಾಕಿಸುವ ಯೋಚನೆ ಇದ್ದರೆ ಅದು 32 ಆಂಪಿಯರ್ ಎಳೆಯುತ್ತದೆ, ಈಗಲೇ 60ರ ಮೀಟರ್ ತಂದುಬಿಡಿ.

ವೈಫೈ ಸ್ಮಾರ್ಟ್ ಪ್ಲಗ್ ಸಾಲದೇ ಎಂದು ಕೇಳುವವರಿದ್ದಾರೆ. ಅಳತೆಯೇನೋ ಕೊಡುತ್ತದೆ, ಫೋನಿನಲ್ಲಿ ಗ್ರಾಫೂ ಬರುತ್ತದೆ. ಆದರೆ ಗೀಸರು ಓಡುವುದು ಅರ್ಧ ಗಂಟೆ, ಕಾರು ಎಳೆಯುವುದು ರಾತ್ರಿಯಿಡೀ. ಅಗ್ಗದ ಪ್ಲಗ್ಗಿನೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚನ್ನು ಅಷ್ಟು ಹೊತ್ತು ಬಿಸಿಯಲ್ಲಿಡಲು ನನಗಂತೂ ಮನಸ್ಸಿಲ್ಲ.

ಕೂರಿಸುವುದು ಎಲೆಕ್ಟ್ರಿಷಿಯನ್ ಕೆಲಸ, ನಿಮ್ಮದಲ್ಲ. ಮೇನ್ ಬೋರ್ಡಿನಿಂದ ಕಾರಿಗೆಂದೇ ಬೇರೆ ವೈರ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ್ದು. ಅದಕ್ಕೇ ಒಂದು ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಆಮೇಲೆ ಸಬ್ ಮೀಟರ್, ಕೊನೆಗೆ ಸಾಕೆಟ್. ನಮ್ಮ ಎಲೆಕ್ಟ್ರಿಷಿಯನ್ "ಮೇಡಂ, ಹಳೇ ಪಾಯಿಂಟೇ ಇದೆಯಲ್ಲ, ಅದಕ್ಕೇ ಕೊಟ್ಟುಬಿಡ್ತೀನಿ" ಎಂದ. ಆ ಪಾಯಿಂಟಿನಲ್ಲೇ ಸಂಪಿನ ಮೋಟರೂ ಇತ್ತು. "ಮೋಟರ್ ಓಡಿದ್ದೂ ಕಾರಿನ ಲೆಕ್ಕಕ್ಕೆ ಬೀಳುತ್ತಲ್ಲಪ್ಪ" ಎಂದು ಬೇರೆ ಲೈನೇ ಎಳೆಸಿದೆ. ಅರ್ಥಿಂಗ್ ಅನ್ನೂ ಅದೇ ದಿನ ನೋಡಿಸಿಬಿಡಿ; ಅದು ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ.

ಮೀಟರ್ ಸರಿಯಿದೆಯೇ ಎಂದು ಮೊದಲ ದಿನವೇ ಪರೀಕ್ಷೆ ಮಾಡಬಹುದು. ಮೀಟರ್ ಮೇಲೆ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಪಕ್ಕದಲ್ಲಿ 800 ಅಥವಾ 1600 ಅಥವಾ 3200 ಎಂದು ಬರೆದಿರುತ್ತದೆ; ಒಂದು ಯೂನಿಟ್‌ಗೆ ದೀಪ ಅಷ್ಟು ಸಲ ಮಿಟುಕುತ್ತದೆ ಎಂದರ್ಥ. ನನ್ನದು 800ರದ್ದು. ಕಾರು ಚಾರ್ಜ್ ಆಗುವಾಗ ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ 37 ಮಿಟುಕು. 37ನ್ನು 60ರಿಂದ ಗುಣಿಸಿ 800ರಿಂದ ಭಾಗಿಸಿ: ಸುಮಾರು 2.8 ಕಿಲೋವಾಟ್. ಹದಿನೈದು ಆಂಪಿಯರ್ ಸಾಕೆಟ್ಟಿಗೆ ಹಾಕುವ ಪೋರ್ಟಬಲ್ ಚಾರ್ಜರ್‌ಗೆ ಇದು ಸರಿಯಾದ ಅಂಕಿ. 3200ರ ಮೀಟರಾದರೆ ಕಣ್ಣಿಗೆ ಎಣಿಕೆ ಸಿಗುವುದಿಲ್ಲ. ಆಗ ಮನೆಯ ಉಳಿದ ಎಂಸಿಬಿಗಳನ್ನೆಲ್ಲ ಇಳಿಸಿ, ಕಾರೊಂದನ್ನೇ ಒಂದೆರಡು ಗಂಟೆ ಬಿಟ್ಟು, ಬೆಸ್ಕಾಂ ಮೀಟರಿನ ಏರಿಕೆಗೂ ಸಬ್ ಮೀಟರಿನ ಏರಿಕೆಗೂ ಹೋಲಿಸಿ. ಧಾರಾವಾಹಿಯ ಹೊತ್ತು ಮಾತ್ರ ಆರಿಸಬೇಡಿ, ನಮ್ಮತ್ತೆಯಂಥವರು ಮನೆಯಲ್ಲಿದ್ದರೆ ಕಷ್ಟ.

ಮೊದಮೊದಲ ರಾತ್ರಿಗಳಲ್ಲಿ ಒಂದು ಗಂಟೆ ಕಳೆದ ಮೇಲೆ ಪ್ಲಗ್ಗಿನ ತಲೆಯನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿಯಿದ್ದರೆ ಚಾರ್ಜ್ ನಿಲ್ಲಿಸಿ, ಸಾಕೆಟ್ ಬದಲಿಸಿ.

ಬರೆದಿಡುವುದಕ್ಕೆ ನಲವತ್ತು ಪುಟದ ನೋಟ್‌ಬುಕ್ ಸಾಕು. ತಾರೀಕು, ಸಬ್ ಮೀಟರ್ ರೀಡಿಂಗ್, ಕಾರು ಓಡಿದ ಒಟ್ಟು ಕಿಲೋಮೀಟರ್, ಇಷ್ಟೇ. ದಿನಾ ಬರೆಯಬೇಕೆಂದೇನಿಲ್ಲ, ವಾರಕ್ಕೊಮ್ಮೆ ಸಾಕು. ಆದರೆ ಮೀಟರ್ ರೀಡರ್ ಬಂದ ದಿನ ತಪ್ಪದೆ ಬರೆಯಿರಿ. ಬಿಲ್ಲಿನ ತಿಂಗಳು ಶುರುವಾಗುವುದು ಅಂದಿನಿಂದ, ಒಂದನೇ ತಾರೀಕಿನಿಂದಲ್ಲ. ಓಡಿದ ಕಿಲೋಮೀಟರನ್ನು ಯೂನಿಟ್‌ನಿಂದ ಭಾಗಿಸಿದರೆ ನಿಮ್ಮ ಕಾರಿನ ನಿಜವಾದ ಮೈಲೇಜ್ ಸಿಗುತ್ತದೆ. ನನ್ನದು ಯೂನಿಟ್‌ಗೆ ಏಳೂವರೆ ಕಿಲೋಮೀಟರ್. ಸಾವಿರ ಕಿಲೋಮೀಟರಿಗೆ 133 ಯೂನಿಟ್.

ಗೃಹಜ್ಯೋತಿ ಇರುವವರಿಗೆ ಇಷ್ಟೆಲ್ಲ ಲೆಕ್ಕ ಇನ್ನೂ ಮುಖ್ಯ. ನಮ್ಮಷ್ಟು ಬಳಸುವ ಮನೆಗಳಿಗೆ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ ಹತ್ತು ಸೇರಿಸಿದಷ್ಟು ಯೂನಿಟ್ ಉಚಿತ. ನಮ್ಮ ಮನೆಗೆ ಅದು 104. ಅದನ್ನು ಮೀರಿದರೂ 200ರೊಳಗಿದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್. 2024ರ ಏಪ್ರಿಲ್‌ನಲ್ಲಿ ಬಂದಿದ್ದ ₹5.90 ದರದಲ್ಲೇ (ಆಮೇಲೆ ದರ ಬದಲಾಗಿದೆ) ಲೆಕ್ಕ ಹಾಕಿ: ಗೆರೆ ದಾಟಿಸಿದ ಆ ಒಂದು ಯೂನಿಟ್ 104 ಉಚಿತ ಯೂನಿಟ್‌ಗಳನ್ನೂ ಕಿತ್ತುಕೊಳ್ಳುತ್ತದೆ, ತೆರಿಗೆ ಬಿಟ್ಟೇ ಸುಮಾರು ₹614. ರೀಡರ್ ಬರಲು ನಾಲ್ಕು ದಿನ ಇರುವಾಗ ಮೇನ್ ಮೀಟರಿನಲ್ಲಿ ಆ ತಿಂಗಳ ಬಳಕೆ 192 ಆಗಿದ್ದರೆ ನಾನು ಹೊರಗಿನ ಚಾರ್ಜಿಂಗ್ ಸ್ಟೇಷನ್ನಿಗೆ ಹೋಗುತ್ತೇನೆ. ಅಲ್ಲಿ ಯೂನಿಟ್‌ಗೆ ಇಪ್ಪತ್ತು ರೂಪಾಯಿ ತೆತ್ತು ಹದಿನೈದು ಯೂನಿಟ್ ಹಾಕಿಸಿದರೂ ₹300 ಅಷ್ಟೆ.

ಬಿಲ್ಲಿನಲ್ಲಿ ಇನ್ನೊಂದು ಸಾಲು ನೋಡಿ: ಮಂಜೂರಾದ ಲೋಡ್ (ಒಟ್ಟಿಗೆ ಎಳೆಯಲು ನಿಮಗೆ ಒಪ್ಪಿಗೆಯಿರುವ ಕಿಲೋವಾಟ್), ಅದರ ಜೊತೆಗೆ ದಾಖಲಾದ ಗರಿಷ್ಠ ಬೇಡಿಕೆ (ನೀವು ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು). ಮಂಜೂರಾದದ್ದು 3 ಕಿಲೋವಾಟ್ ಇದ್ದು, ಬೆಳಗ್ಗೆ ಕಾರೂ 2 ಕಿಲೋವಾಟ್ ಗೀಸರೂ ಒಟ್ಟಿಗೆ ಓಡಿದರೆ ಮೀಟರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ರಾತ್ರಿ ಹತ್ತಕ್ಕೇ ಹಾಕಿ, ಗೀಸರಿನ ಹೊತ್ತಿಗೆ ಮುಗಿಯುವಂತೆ ನೋಡಿಕೊಳ್ಳಿ, ಇಲ್ಲವೇ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ.

ಪ್ರತಿ ತಿಂಗಳೂ 200 ದಾಟುವವರು ಕಾರಿಗೆಂದೇ ಬೇರೆ ಮೀಟರ್ ಪಡೆಯುವುದನ್ನು ಯೋಚಿಸಬೇಕು. ವಾಹನ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಎಂಬ ಬೇರೆ ದರಪಟ್ಟಿ ಇದೆ; ಕಾರು ಅತ್ತ ಹೋದರೆ ಮನೆ ಇತ್ತ ಗೃಹಜ್ಯೋತಿಯಲ್ಲೇ ಉಳಿಯುತ್ತದೆ. ಆದರೆ ಹೊಸ ಸಂಪರ್ಕಕ್ಕೆ ಠೇವಣಿ ಇದೆ, ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕ ಕಾರು ಓಡಲಿ ಬಿಡಲಿ ಬರುತ್ತದೆ. ತಿಂಗಳಿಗೆ 40 ಯೂನಿಟ್ ತಿನ್ನುವ ಕಾರಿಗೆ ಇದು ಗಿಟ್ಟುವುದು ಅನುಮಾನ. ಒಂದು ಬೇಸಿಗೆ, ಒಂದು ಮಳೆಗಾಲದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಕೂಡಿಸಿಕೊಂಡು, ಅದನ್ನು ಹಿಡಿದು ನಿಮ್ಮ ಸಬ್ ಡಿವಿಷನ್ ಕಚೇರಿಗೆ ಹೋಗಿ. ಆರ್‌.ಆರ್‌. ನಂಬರ್ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಇರುವ ಹಳೇ ಬಿಲ್ ಜೊತೆಗಿರಲಿ.